ಸ್ಕೂಟರ್ ಮೇಲಿನ ಗಂಡಸು

ಎರಡು ವರ್ಷ ನಾನು ಅಂಕೋಲೆಯಿಂದ ಕಾರವಾರಕ್ಕೆ ಅಪ್ಪನ ಹಳೆಯ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ಅಪ್ಪ ಅದರ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಬಹಳ ಕಾಲ ಓಡಿಸಿದ್ದರು. ಎಷ್ಟು ತೊಳೆದರೂ ಸೀಟಿನ ಹೊಲಿಗೆಯಲ್ಲಿ ಬಂಗಡೆಯ ವಾಸನೆ ಉಳಿದಿತ್ತು. ಕಾಲೇಜಿನಲ್ಲಿ ಅದನ್ನು ಉಳಿದವರ ಗಾಡಿಗಳಿಂದ ದೂರ, ಒಂದು ಗೇರುಮರದ ಕೆಳಗೆ ನಿಲ್ಲಿಸುತ್ತಿದ್ದೆ.

ಆ ವರ್ಷಗಳಲ್ಲಿ ನಮ್ಮ ಹೆದ್ದಾರಿ ಕೆಂಪಾಗಿತ್ತು. ಬಳ್ಳಾರಿ ಕಡೆಯಿಂದ ಅದಿರು ಹೊತ್ತ ಲಾರಿಗಳು ಯಲ್ಲಾಪುರದ ಘಟ್ಟ ಇಳಿದು, ರಾಮನಗುಳಿ ದಾಟಿ, ಅಂಕೋಲೆಗೆ ಬಂದು ಬಂದರುಗಳ ಕಡೆ ತಿರುಗುತ್ತಿದ್ದವು. ರಸ್ತೆಬದಿಯ ದಾಸವಾಳದ ಎಲೆ, ಅಂಗಡಿಗಳಲ್ಲಿ ತೂಗುಹಾಕಿದ ಬಾಳೆಗೊನೆ, ಅಂಗಳದಲ್ಲಿ ಒಣಗುವ ಪಂಚೆ, ಎಲ್ಲದಕ್ಕೂ ಒಂದೇ ಬಣ್ಣ ಬಂದಿತ್ತು. ಗಂಡಸರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗಾಡಿ ಓಡಿಸುತ್ತಿದ್ದರು, ಹೆಂಗಸರು ವೇಲನ್ನು ಮುಖಕ್ಕೆ ಸುತ್ತಿಕೊಳ್ಳುತ್ತಿದ್ದರು. ಯಾವ ಜಾತಿ, ಯಾವ ಧರ್ಮ ಎಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ. ಧೂಳಿಗೆ ಎಲ್ಲರ ಮೂಗೂ ಒಂದೇ ಆಗಿತ್ತು.

ನನ್ನ ಕಟ್ಟುವಿಕೆ ಸ್ವಲ್ಪ ಹೆಚ್ಚಿನದು. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಕಲಿತದ್ದು. ಕಂದು ಬಣ್ಣದ ವೇಲನ್ನು ತಲೆಗೂ ಮುಖಕ್ಕೂ ಎರಡು ಸುತ್ತು ಸುತ್ತಿ ಹಿಂದೆ ಗಂಟು ಹಾಕುತ್ತಿದ್ದೆ. ಅದರ ಮೇಲೆ ಕಪ್ಪು ಕನ್ನಡಕ. ಚೂಡಿದಾರ ಹಾಳಾಗದಂತೆ ಅಪ್ಪನ ಹಳೆಯ ತುಂಬುತೋಳಿನ ಅಂಗಿಯನ್ನು ಮೇಲೆ ಹಾಕಿ ಕುತ್ತಿಗೆಯವರೆಗೆ ಗುಂಡಿ ತೊಡುತ್ತಿದ್ದೆ. ಜಡೆ ಅಂಗಿಯ ಒಳಗೆ. ಪ್ಯಾಂಟಿನ ಅಂಚು ಕಾಲುಚೀಲದ ಒಳಗೆ. ಹೀಗೆ ಹೊರಟರೆ ಕಾರವಾರ ತಲುಪಿ ಎಲ್ಲ ಬಿಚ್ಚಿದಾಗ ಒಳಗಿನವಳು ಮನೆಯಿಂದ ಹೊರಟ ಹಾಗೆಯೇ ಇರುತ್ತಿದ್ದಳು.

ನಾನು ಆ ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ರಸಾಯನಶಾಸ್ತ್ರಕ್ಕೆ ಇನ್ನೊಬ್ಬಳಿದ್ದಳು, ನನ್ನದೇ ವಯಸ್ಸು, ಅಂಕೋಲೆ ಪೇಟೆಯ ಗೇರುಬೀಜದ ವ್ಯಾಪಾರಿಯೊಬ್ಬರ ಮಗಳು. ಬುರ್ಖಾ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಬಿದ್ದು ಅವಳ ಬೆಳಗಿನ ಪ್ರಾಯೋಗಿಕ ತರಗತಿ ಮೇಲಿಂದ ಮೇಲೆ ತಪ್ಪುತ್ತಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ, ಹೆಚ್ಚು ಯೋಚಿಸದೆ, ನನ್ನ ಜೊತೆ ಬಾ ಎಂದೆ. ನಾನು ಸಾಮಾನ್ಯವಾಗಿ ಹಾಗೆ ಕರೆಯುವವಳಲ್ಲ.

ಮರುದಿನ ಅವಳು ಹೆದ್ದಾರಿ ಬದಿಯ ಬಸ್ ತಂಗುದಾಣದಲ್ಲಿ ಕಾದಿದ್ದಳು. ಎದುರಿಗೆ ಒಂದು ಚಾ ಅಂಗಡಿ. ಹಿಂದೆ ಕೂತವಳೇ ಕೇಳಿದಳು:

"ಈ ಸೀಟಿನ ಮೇಲೆ ಎಷ್ಟು ಬಂಗಡೆ ಹೋಗಿವೆ?"

"ಲೆಕ್ಕ ಇಟ್ಟಿಲ್ಲ."

"ಗಣಿತದವಳು ನೀನು! ಆಗಲಿ, ಇವತ್ತು ಇನ್ನೊಂದು ಹೋಗ್ತದೆ, ನಡಿ."

ಅವಳ ಮನೆಯಲ್ಲಿ ಮುಖ ಮುಚ್ಚುವ ರೂಢಿ ಇರಲಿಲ್ಲ. ತಲೆಯ ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಧೂಳು ತಡೆಯುತ್ತಿದ್ದಳು, ಮಾತಾಡಬೇಕೆನಿಸಿದಾಗ ಬಿಡುತ್ತಿದ್ದಳು. ಬಹಳ ಸಲ ಬಿಡುತ್ತಿದ್ದಳು. ಹಾಗಾಗಿ ದಾರಿಯವರಿಗೆ ಹಿಂದೆ ಕೂತವಳು ಯಾರೆಂದು ಚೆನ್ನಾಗಿ ತಿಳಿಯುತ್ತಿತ್ತು. ಮುಂದೆ ಕೂತವರು ಯಾರೆಂದು ತಿಳಿಯುತ್ತಿರಲಿಲ್ಲ. ಇದನ್ನು ನಾವಿಬ್ಬರೂ ಗಮನಿಸಲಿಲ್ಲ.

ಕಾಲೇಜಿನ ಲೇಡೀಸ್ ರೂಮಿನ ಬಾಗಿಲ ಹಿಂದೆ ಮೂರು ಮೊಳೆಗಳಿದ್ದವು. ಒಂದರ ಮೇಲೆ ಅವಳ ಬುರ್ಖಾ, ಒಂದರ ಮೇಲೆ ನನ್ನ ವೇಲು ಮತ್ತು ಅಪ್ಪನ ಅಂಗಿ. ಮೂರನೆಯದು ಕೊಡೆಗೆ. ಪ್ರಯೋಗಾಲಯದಲ್ಲಿ ಅವಳು ಬುರ್ಖಾ ಹಾಕುತ್ತಿರಲಿಲ್ಲ. ಒಬ್ಬ ವಿದ್ಯಾರ್ಥಿನಿ ಯಾಕೆಂದು ಕೇಳಿದ್ದಕ್ಕೆ, "ಬರ್ನರ್ ಎದುರು ನೈಲಾನ್ ಹಾಕ್ಕೊಂಡು ನಿಂತ್ರೆ ಜನ್ನತ್‌ಗೆ ನಾನ್‌ಸ್ಟಾಪ್ ಬಸ್ಸು. ನನಗೆ ಇನ್ನೂ ಕೆಲಸ ಇದೆ" ಅಂದಳಂತೆ.

ಒಮ್ಮೆ ಲಾರಿ ಮುಷ್ಕರ ನಡೆಯಿತು. ಮೂರು ದಿನ ರಸ್ತೆ ಖಾಲಿ. ಹಿಂದಿನ ರಾತ್ರಿ ಮಳೆ ಬಂದು ಧೂಳೂ ಕೂತಿತ್ತು. ನಾನು ಎಂದಿನಂತೆ ಕಟ್ಟಿಕೊಂಡು ಹೋಗಿದ್ದೆ.

"ಇವತ್ತು ಯಾಕೆ?" ಅಂದಳು.

"ಅಭ್ಯಾಸ."

"ಸುಳ್ಳು ಹೇಳ್ಬೇಡ ಮಾರಾಯ್ತಿ. ನನ್ನದು ಮನೆಯವರು ಹಾಕಿಸಿದ್ದು. ಹಾಕ್ಕೊ ಅಂದ್ರು, ಹಾಕ್ಕೊಂಡೆ, ಕೆಲಸಕ್ಕೆ ಬಿಟ್ರು. ನಿನ್ನದು ನೀನೇ ಹಾಕ್ಕೊಂಡದ್ದು. ನಿನ್ನದೇ ಗಟ್ಟಿ."

ನಾನು ಗಾಡಿ ಹೊರಡಿಸಿದೆ. ಉತ್ತರ ಇತ್ತು. ನಮ್ಮ ಮನೆ ಅಂಕೋಲೆ ಪೇಟೆಗೆ ಹತ್ತಿರದ ಕಡಲ ದಂಡೆಯಲ್ಲಿ, ಮೀನುಗಾರರ ಕೇರಿಯಲ್ಲಿ. ಅಲ್ಲಿಂದ ಹೆದ್ದಾರಿ ಮುಟ್ಟುವವರೆಗೆ ಪ್ರತಿ ಜಗಲಿಯಲ್ಲೂ ಒಬ್ಬರು ಇರುತ್ತಾರೆ. ಎಲ್ಲಿ ಹೊಂಟ್ಯೆ, ನೌಕರಿ ಕಾಯಂ ಆತಾ, ಗಂಡು ನೋಡಿದ್ರಾ. ಕೇಳುವವರಲ್ಲಿ ಕೆಡುಕಿಲ್ಲ, ಅದು ನಮಸ್ಕಾರದ ಹಾಗೆ. ಆದರೆ ಧಾರವಾಡದಿಂದ ಬಂದ ಮೇಲೆ ನನಗೆ ಅದಕ್ಕೆ ಉತ್ತರ ಕೊಡುವ ಶಕ್ತಿ ಇರಲಿಲ್ಲ. ಮುಖ ಸುತ್ತಿಕೊಂಡವಳನ್ನು, ಅವಳು ಯಾರೆಂದು ಗೊತ್ತಿದ್ದರೂ, ಮಾತಾಡಿಸುವುದು ಜನರಿಗೆ ಕಷ್ಟ. ಪೇಟೆಯಲ್ಲಂತೂ ನಾನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಆ ಒಂದು ತಾಸಿನ ದಾರಿಯಲ್ಲಿ ನಾನು ಎಲ್ಲರನ್ನೂ ನೋಡುತ್ತಿದ್ದೆ, ಯಾರೂ ನನ್ನನ್ನು ನೋಡುತ್ತಿರಲಿಲ್ಲ. ದಿನದಲ್ಲಿ ನನಗೆ ಇಷ್ಟವಾದ ಹೊತ್ತು ಅದು. ಧೂಳು ಒಳ್ಳೆಯ ನೆಪವಾಗಿತ್ತು.

ಆಯಿಗೆ, ಅಂದರೆ ನನ್ನ ತಾಯಿಗೆ, ನನ್ನ ವೇಷ ಮೊದಲಿನಿಂದ ಹಿಡಿಸಿರಲಿಲ್ಲ. ಅವಳು ಅಂಕೋಲೆಯ ಮೀನು ಮಾರ್ಕೆಟ್ಟಿನಲ್ಲಿ ಕೂರುವವಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಚ್ಚೆ ಕಟ್ಟಿ, ತಲೆಯ ಮೇಲೆ ಬುಟ್ಟಿ ಇಟ್ಟು, ಗಂಡಸರ ನಡುವೆ ನುಗ್ಗಿ ದೋಣಿಯಲ್ಲಿ ಬಂದ ಮೀನು ಕೊಳ್ಳುವವಳು. "ಮುಖ ಮುಚ್ಕಂಡು ಕೂತ್ರೆ ನನ್ನ ಮೀನು ಯಾರು ತಗಂತ್ರು?" ಅನ್ನುತ್ತಿದ್ದಳು. "ಗಿರಾಕಿ ಮೊದ್ಲು ಮೀನಿನ ಕಣ್ಣು ನೋಡ್ತ, ಆಮೇಲೆ ನನ್ನ ಕಣ್ಣು ನೋಡ್ತ. ಎರಡೂ ಕಂಡ್ರೇ ವ್ಯಾಪಾರ." ಅದೇ ಆಯಿ ನನ್ನ ಪದವಿ ಪ್ರದಾನಕ್ಕೆ ಧಾರವಾಡಕ್ಕೆ ಬಂದಾಗ ಸೀರೆಯನ್ನು ಹಿಮ್ಮಡಿಯವರೆಗೆ ಇಳಿಬಿಟ್ಟು, ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ದಿನವಿಡೀ ತಲೆ ತಗ್ಗಿಸಿ ಕೂತಿದ್ದಳು. ಅಂದು ಅವಳ ಗುರುತು ನನಗೇ ಹತ್ತಿರಲಿಲ್ಲ.

ಆ ಕಾಲಕ್ಕೆ ಕರಾವಳಿಯಲ್ಲಿ ಒಂದು ಹೊಸ ಬಗೆಯ ಜನ ಹುಟ್ಟಿಕೊಂಡಿದ್ದರು. ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂತರು, ಐಸ್‌ಕ್ರೀಂ ಅಂಗಡಿಯಿಂದ ಯಾರ ಜೊತೆ ಯಾರು ಹೊರಬಂದರು ಎಂದು ನೋಡಿಡುವವರು. ಎರಡೂ ಕಡೆಯಲ್ಲಿ ಇದ್ದರು. ಚಾ ಅಂಗಡಿಯ ಬೆಂಚಿನ ಮೇಲೆ ಒಂದು ಕಡೆಯವರು ಕೂರುತ್ತಿದ್ದರು. ಗೆಳತಿಯ ತಂದೆಯ ಅಂಗಡಿಯಲ್ಲಿ, ಗೇರುಬೀಜದ ಚೀಲಗಳ ಮೇಲೆ, ಇನ್ನೊಂದು ಕಡೆಯವರು. ಇಬ್ಬರ ಕಣ್ಣಿಗೂ ಬಿದ್ದದ್ದು ಒಂದೇ ದೃಶ್ಯ: ದಿನಾ ಬೆಳಿಗ್ಗೆ ಗಿಯರ್ ಇರುವ ಸ್ಕೂಟರಿನಲ್ಲಿ ಅಂಗಿ ತೊಟ್ಟ ಒಬ್ಬ ಗಂಡಸು ಬರುತ್ತಾನೆ, ಮುಖ ಮರೆಸಿಕೊಂಡಿರುತ್ತಾನೆ, ಗೇರುಬೀಜದವರ ಮಗಳನ್ನು ಕೂರಿಸಿಕೊಂಡು ಕಾರವಾರದ ಕಡೆ ಹೋಗುತ್ತಾನೆ. ಗಿಯರ್ ಇರುವ ಸ್ಕೂಟರನ್ನು ಹೆಂಗಸು ಓಡಿಸಿದ್ದನ್ನು ಪೇಟೆಯಲ್ಲಿ ಆಗ ಯಾರೂ ಕಂಡಿರಲಿಲ್ಲ.

ಗಾಡಿಯ ಗುರುತು ಹಿಡಿದ ಯಾರೋ ದಂಡೆಯ ಮೇಲೆ ಬಲೆ ಬಿಡಿಸುತ್ತಿದ್ದ ಅಪ್ಪನನ್ನು ಕೇಳಿದರು, "ನಿನ್ನ ಸ್ಕೂಟರ್ ಈಗ ಓಡ್ಸುದು ಯಾರಾ?"

ಅಪ್ಪ ಬಲೆಯಿಂದ ಕಣ್ಣೆತ್ತದೆ, "ನನ್ನ ದೊಡ್ಡ ಮಗ" ಅಂದರು.

ಅಪ್ಪನಿಗೆ ನಾವು ಇಬ್ಬರೂ ಹೆಣ್ಣುಮಕ್ಕಳು. ಸ್ಕೂಟರ್ ಕಲಿತಂದಿನಿಂದ ಅವರು ನನ್ನನ್ನು ದೊಡ್ಡ ಮಗ ಎಂದೇ ತಮಾಷೆ ಮಾಡುತ್ತಿದ್ದರು. ಕೇರಿಯವರಿಗೆ ಅದು ತಮಾಷೆ. ಕೇಳಿದವನು ಪೇಟೆಯವನು. ಸಂಜೆಯೊಳಗೆ ಸುದ್ದಿ ಪಕ್ಕಾ ಆಯಿತು: ಕೇರಿಯ ಮೀನುಗಾರನ ದೊಡ್ಡ ಮಗ, ಗೇರುಬೀಜದವರ ಮಗಳು. ಚಾ ಅಂಗಡಿಯಲ್ಲಿ ಆ ಹುಡುಗನನ್ನು ಹಿಡಿದು ಹೊಡೆಯಬೇಕೋ ಹಾರ ಹಾಕಬೇಕೋ ಎಂಬುದರಲ್ಲಿ ಮಾತ್ರ ಒಮ್ಮತ ಇರಲಿಲ್ಲವಂತೆ.

ಮರುದಿನ ತಂಗುದಾಣದಲ್ಲಿ ಗೆಳತಿ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಮೂರನೆಯ ದಿನ ಕಾಲೇಜಿಗೆ ಫೋನ್ ಮಾಡಿ, ಮನೆಯಲ್ಲಿ ಬಿಡುತ್ತಿಲ್ಲ ಎಂದಳು. ಅಷ್ಟೇ ಹೇಳಿದಳು. ಪ್ರಾಂಶುಪಾಲರು ಶನಿವಾರ ನನ್ನನ್ನು ಕರೆದು, ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿದೆ, ಸೋಮವಾರ ಅವರು ಬಾರದಿದ್ದರೆ ಆ ತರಗತಿ ಬೇರೆಯವರಿಗೆ ಕೊಡಬೇಕಾಗುತ್ತದೆ, ತಿಳಿಸಿಬಿಡಿ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಒಮ್ಮೆ ಮನೆಯಲ್ಲಿ ಕೂತರೆ ಅವಳನ್ನು ಮತ್ತೆ ಕೆಲಸಕ್ಕೆ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮನೆಗೆ ಬಂದು ಹೇಳಿದಾಗ ಆಯಿ ಮೀನು ಕೊಯ್ಯುತ್ತಿದ್ದಳು. ಕತ್ತಿ ಬಿಟ್ಟು ಅಪ್ಪನ ಕಡೆ ತಿರುಗಿದಳು.

"ದೊಡ್ಡ ಮಗ ಅಂದ್ರಾ? ನಿಮ್ಮ ಬಾಯಿಗೆ ಬಂಗಡೆ ಮುಳ್ಳು ಚುಚ್ಚಲಿ! ಒಬ್ಬರ ಮನೆ ಹೆಣ್ಣಿನ ಅನ್ನಕ್ಕೆ ಮಣ್ಣು ಹಾಕ್ತ್ರಿ ಅಲ್ಲ!"

"ನಾ ಯಾವಾಗ್ಲೂ ಅಂಬುದೇ ಅಂದೆ," ಎಂದರು ಅಪ್ಪ.

ಗೆಳತಿಯ ಅಜ್ಜಿ, ಅಂದರೆ ಅವಳ ತಂದೆಯ ತಾಯಿ, ಆಯಿಯ ಹಳೆಯ ಗಿರಾಕಿ. ಭಾನುವಾರ ಬೆಳಿಗ್ಗೆ ಆಯಿ ಬುಟ್ಟಿ ಹೊತ್ತು ಅವರ ಮನೆಗೆ ಹೋಗಿ ಬಂದಳು. ವಾಪಸು ಬಂದು ನನಗೆ ಹೇಳಿದಳು, "ಮಧ್ಯಾಹ್ನದ ಒಳಗೆ ಬಾ ಅಂದ್ರು. ಕಾಲೇಜಿಗೆ ಹ್ಯಾಂಗೆ ಹೋಗ್ತಿಯೋ ಹಾಂಗೇ ಬಾ ಅಂದ್ರು."

ನಾನು ಅಪ್ಪನ ಅಂಗಿ ತೊಟ್ಟು, ವೇಲು ಸುತ್ತಿ, ಕನ್ನಡಕ ಹಾಕಿ, ಆಯಿಯನ್ನು ಹಿಂದೆ ಕೂರಿಸಿಕೊಂಡು ಹೋದೆ. ಗೆಳತಿಯ ತಂದೆ ಜಗಲಿಯ ಮೇಲೆ ಕುರ್ಚಿ ಹಾಕಿ ಕೂತಿದ್ದರು. ಇಳಿದು ನಿಂತ ನನ್ನನ್ನು ಒಂದು ನಿಮಿಷ ನೋಡಿದರು. "ಅಲ್ಲಾ, ಅವರ ಮೇಲೂ ತಪ್ಪಿಲ್ಲ," ಅಂದರು. "ನಾನೇ ಆದ್ರೂ ಗಂಡಸು ಅಂತಿದ್ದೆ."

ನಾನು ಕನ್ನಡಕ ತೆಗೆದು ಗಂಟು ಬಿಚ್ಚಿದೆ. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಬಂದು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು, ಮೀನು ಆರಿಸುವವರ ಹಾಗೆ.

"ಮೀನ್‌ಬಾಯಿ, ನಿನ್ನ ಮಗಳಿಗೆ ಇಷ್ಟು ಒಳ್ಳೆ ಮುಖ ಕೊಟ್ಟು ಏನು ಉಪಯೋಗ? ನಮ್ಮ ಹುಡುಗಿ ಮುಚ್ಚಿಕೊಂಡ್ರೆ ದೀನಿನ ಮಾತು, ಧರ್ಮದ್ದು. ಇವಳಿಗೆ ಎಂತ ರೋಗ?"

"ಅದ್ನೇ ನಾನೂ ಕೇಳುದು ಅಮ್ಮಾ," ಅಂದಳು ಆಯಿ.

ಬಾಗಿಲ ಪರದೆಯ ಹಿಂದೆ ಗೆಳತಿ ನಿಂತಿದ್ದಳು. ನಗುತ್ತಿದ್ದಳೋ ಇಲ್ಲವೋ ಕಾಣಲಿಲ್ಲ.

ಅವಳ ತಂದೆ ನಿಧಾನವಾಗಿ ಮಾತಾಡಿದರು. "ಮಗಳು ಮೊದಲ ದಿನವೇ ಹೇಳಿದ್ದಳು, ಅಕ್ಕೋರ ಗಾಡಿಯಲ್ಲಿ ಹೋಗ್ತೇನೆ ಅಂತ. ನಾನು ನಂಬಿದ್ದೇನೆ. ನನ್ನ ನಂಬಿಕೆ ರಸ್ತೆಯಲ್ಲಿ ಕೂತವರಿಗೆ ಕಾಣುದಿಲ್ಲ ಅಲ್ಲವಾ? ನಾಲ್ಕು ಜನ ದಿನಾ ಅಂಗಡಿಗೆ ಬಂದು ನಮ್ಮ ಕಣ್ಣಾರೆ ನೋಡಿದ್ದು ಅಂತಾರೆ. ಅವರ ಕಣ್ಣಿಗೆ ನಾನು ಎಂತ ಹೇಳ್ಲಿ? ನಾಳೆ ಯಾರಾದ್ರೂ ಗಾಡಿ ನಿಲ್ಲಿಸಿ ಕೈ ಹಾಕಿದ್ರೆ?"

ನಾನು ಉಪಾಯಗಳನ್ನು ಯೋಚಿಸಿಕೊಂಡೇ ಹೋಗಿದ್ದೆ. ಜಡೆ ಹೊರಗೆ ಬಿಡುತ್ತೇನೆ ಎಂದೆ. ಅಂಗಿ ಬಿಡುತ್ತೇನೆ, ಕೆಂಪು ವೇಲು ಕಟ್ಟುತ್ತೇನೆ, ಕೈತುಂಬ ಬಳೆ ಹಾಕುತ್ತೇನೆ, ಬೇಕಾದರೆ ಅಬ್ಬಲಿಗೆ ಮುಡಿಯುತ್ತೇನೆ.

ಅವರು ತಲೆ ಅಲ್ಲಾಡಿಸಿದರು. "ಈಗ ನೋಡು, ಗಂಡಸು ಹೂವು ಮುಡಿದು ಹೆಂಗಸಿನ ವೇಷದಲ್ಲಿ ಬರ್ತಿದ್ದಾನೆ ಅಂತಾರೆ. ಮಾತು ಇನ್ನೂ ರುಚಿಯಾಗ್ತದೆ. ಬೇಡ ಮಗಳೆ. ಅಂಕೋಲೆ ದಾಟುವವರೆಗೆ ಮುಖ ತೆರೆದುಕೊಂಡು ಹೋಗು. ಹಾಗಾದ್ರೆ ನಾಳೆಯಿಂದಲೇ ಕಳಿಸ್ತೇನೆ."

ಅದು ಸಣ್ಣ ಬೇಡಿಕೆ. ನಾನು ತಕ್ಷಣ ಒಪ್ಪಬೇಕಿತ್ತು. ಬಿಚ್ಚಿದ ವೇಲನ್ನು ಮಡಚುತ್ತಾ ನಿಂತೆ. ಪರದೆಯ ಹಿಂದಿನಿಂದ ಅವಳು ತಂದೆಗೆ, "ಅಬ್ಬಾ, ಅವಳಿಗೆ ಕಷ್ಟ ಆಗ್ತದೆ, ಬಿಡಿ" ಅಂದಳು. ನನ್ನ ವೇಲು ಧೂಳಿಗಲ್ಲ ಎಂದು ಬಲ್ಲವಳು ಅವಳೊಬ್ಬಳೇ. ತನ್ನ ಕೆಲಸ ಹೋಗುವ ಹೊತ್ತಿನಲ್ಲಿ ಅವಳು ಅದನ್ನು ನೆನಪಿಟ್ಟುಕೊಂಡಳು ಎಂಬುದು ನನ್ನನ್ನು ಸ್ವಲ್ಪ ನಾಚಿಸಿತು.

"ಎಂತ ಕಷ್ಟ? ಧೂಳಾ?" ಎಂದು ಅವಳ ತಂದೆ ಕೇಳಿದರು.

"ಹೌದು, ಧೂಳು," ಅಂದೆ. "ಅಡ್ಡಿಯಿಲ್ಲ. ಬರ್ತೇನೆ."

ಸೋಮವಾರ ಅಂಗಿ ತೊಟ್ಟೆ, ಜಡೆ ಹೊರಗೆ ಬಿಟ್ಟೆ, ವೇಲನ್ನು ಸೊಂಟಕ್ಕೆ ಕಟ್ಟಿಕೊಂಡೆ, ಕನ್ನಡಕ ಚೀಲದಲ್ಲಿಟ್ಟೆ. ಕೇರಿಯಲ್ಲಿ ಒಂಬತ್ತು ಮಂದಿ ಮಾತಾಡಿಸಿದರು. ಎಣಿಸಿದ್ದೆ. ತಂಗುದಾಣದ ಹತ್ತಿರ ಬಂದಾಗ ಬೆಂಚಿನ ಮೇಲೆ ನಾಲ್ಕೈದು ಜನ ಇದ್ದರು. ಗೆಳತಿ ಹತ್ತಿ ಕೂತಳು. ನಾನು ಗಿಯರ್ ಹಾಕಲು ಹೋದಾಗ ಅವಳು ಮೆಲ್ಲಗೆ, "ತಡಿ, ಪೂರ್ತಿ ನೋಡ್ಲಿ" ಅಂದಳು. ನಿಂತೆವು. ಒಂದು ಲಾರಿ ಹಾದುಹೋಯಿತು. ಧೂಳು ಇಳಿದ ಮೇಲೆ ಮೊದಲು ಮಾತಾಡಿದವನು ಚಾ ಅಂಗಡಿಯವನೇ.

"ಅಯ್ಯ ದೇವ್ರೆ, ಅದು ಹುಡ್ಗಿ!"

"ಯಾವ ಹುಡ್ಗಿ?"

"ಮಾರ್ಕೆಟ್ಟಲ್ಲಿ ಮೂಲೆಗೆ ಕೂರ್ತದಲ್ಲ, ಆ ಮೀನ್‌ಬಾಯಿ ಮಗಳು ಮಾರಾಯ. ಮೂಗು ನೋಡಾ, ಅದೇ ಮೂಗು."

"ಮತ್ತೆ ದೊಡ್ಡ ಮಗ ಅಂದದ್ದು?"

"ಇದೇ ದೊಡ್ಡ ಮಗ! ಹಾರ ತರ್ತೆ ಅಂದಿದ್ಯಲ್ಲ, ತಾ ಈಗ!"

ಬೆಂಚಿನವರೆಲ್ಲ ನಕ್ಕರು. ಒಬ್ಬ ನಗಲಿಲ್ಲ. "ಹುಡ್ಗಿ ಆದ್ರೆ ಆತು. ಆದ್ರೆ ನಮ್ಮ ಹುಡ್ಗಿ ಅವ್ರ ಹುಡ್ಗಿಯನ್ನ ಹೊತ್ಕಂಡು ತಿರುಗುದು ಯಾಕೆ?" ಎಂದು ಕೇಳಿದ. ನಾನು ಗಿಯರ್ ಹಾಕಿ ಹೊರಟೆ.

ಆ ಹೊತ್ತಿನಲ್ಲಿ ಹೆದರಿಕೆ ಆಗಿತ್ತೇ ಎಂದು ಆಮೇಲೆ ಕೆಲವರು ಕೇಳಿದ್ದಾರೆ. ಹೆದರಿಕೆಗಿಂತ ಬೇರೆ. ಹಾಸ್ಟೆಲಿನ ಬಚ್ಚಲಿನ ಬಾಗಿಲ ಚಿಲಕ ಒಮ್ಮೆ ಮುರಿದಿತ್ತು. ಯಾರೂ ಒಳಗೆ ಬರಲಿಲ್ಲ, ಆದರೂ ಸ್ನಾನ ಮುಗಿಯುವವರೆಗೆ ಕಿವಿ ಬಾಗಿಲಲ್ಲಿ ಇತ್ತು. ಅಂಥದ್ದು.

ಒಪ್ಪಂದ ಅಂಕೋಲೆ ದಾಟುವವರೆಗೆ ಮಾತ್ರ. ಆದರೆ ಊರು ಎಲ್ಲಿ ಮುಗಿಯುತ್ತದೆ ಎಂದು ಲಾರಿಗಳ ನಡುವೆ ನಿಂತು ನಿರ್ಧರಿಸುವುದು ಆಗಲಿಲ್ಲ. ಆವರ್ಸೆಯಲ್ಲೂ ಅಂಕೋಲೆಯವರೇ ಇರುತ್ತಾರೆ, ಅಮದಳ್ಳಿಯಲ್ಲೂ ಇರುತ್ತಾರೆ. ಕಾರವಾರದವರೆಗೂ ಹಾಗೇ ಹೋದೆ. ಲೇಡೀಸ್ ರೂಮಿನ ಕನ್ನಡಿಯಲ್ಲಿ ರೆಪ್ಪೆಯ ಮಡಿಕೆಯಲ್ಲಿ ಮಾತ್ರ ನನ್ನ ಬಣ್ಣ, ಉಳಿದದ್ದು ರಸ್ತೆಯ ಬಣ್ಣ. ಗೆಳತಿ ತನ್ನ ಕರವಸ್ತ್ರ ಒದ್ದೆ ಮಾಡಿ ಕೊಟ್ಟಳು. ಅದು ಕೆಂಪಾಯಿತು. ನನ್ನದನ್ನೂ ಒದ್ದೆ ಮಾಡಿದಳು. ಅದೂ ಕೆಂಪಾಯಿತು. ಆಮೇಲೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಪ್ರಯೋಗಾಲಯಕ್ಕೆ ಹೋದಳು. ಗಂಟೆ ಬಾರಿಸಲು ಇನ್ನೂ ನಾಲ್ಕು ನಿಮಿಷ ಇತ್ತು.

ಹೀಗೆ ಸುಮಾರು ಒಂದು ತಿಂಗಳು ನಡೆಯಿತು. ಮುಖ ಒರಟಾಯಿತು. ಅಂಕೋಲೆಯಲ್ಲಿ ನಾನು ಯಾರೆಂದು ತಿಳಿಯದವರು ಉಳಿಯಲಿಲ್ಲ. ಪೆಟ್ರೋಲ್ ಹಾಕುವವರು ಆಯಿಯ ಮೀನಿನ ದರ ವಿಚಾರಿಸಿದರು. ಒಬ್ಬರು ಮನೆಗೆ ಬಂದು ತಮ್ಮ ತಂಗಿಯ ಮಗನ ಜಾತಕದ ಪ್ರಸ್ತಾಪ ತೆಗೆದರು, ರಸ್ತೆಯಲ್ಲಿ ನೋಡಿದ್ದೇವೆ, ಇನ್ನು ಬೇರೆ ನೋಡುವುದು ಬೇಡ ಎಂದರು. ಆಯಿ ಅವರಿಗೆ ಚಾ ಕೊಟ್ಟು ಕಳಿಸಿದಳು. ಗೇರುಬೀಜದ ಅಂಗಡಿಯ ಚೀಲಗಳ ಮೇಲಿನವರು ಬೇರೆ ವಿಷಯ ಹುಡುಕಿಕೊಂಡರು. ಬೆಂಚಿನ ಮೇಲಿನ ಆ ಒಬ್ಬ ಮಾತ್ರ ಕೆಲವು ದಿನ ಅದೇ ಪ್ರಶ್ನೆ ಕೇಳಿದ, ಆಮೇಲೆ ಬರೀ ನೋಡಿದ.

ಪ್ರಾಯೋಗಿಕ ಪರೀಕ್ಷೆ ಮುಗಿದ ವಾರ, ಒಂದು ಬೆಳಿಗ್ಗೆ, ಗೆಳತಿಯ ತಂದೆ ಅವಳ ಜೊತೆ ತಂಗುದಾಣಕ್ಕೆ ಬಂದು ನಿಂತಿದ್ದರು. ನನ್ನ ಕಣ್ಣು ಧೂಳಿಗೆ ಕೆಂಪಾಗಿ ನೀರು ಸುರಿಯುತ್ತಿತ್ತು. ಬೆಂಚಿನವರಿಗೂ ಕೇಳುವ ಹಾಗೆ ಹೇಳಿದರು, "ಸಾಕು ಮಗಳೆ. ಊರೆಲ್ಲ ನೋಡಿ ಆಯ್ತು. ಇನ್ನು ಕಟ್ಟಿಕೋ."

ನಾನು ಅಲ್ಲೇ ಸೊಂಟದಿಂದ ವೇಲು ಬಿಚ್ಚಿ ಸುತ್ತಿಕೊಂಡೆ. ಎರಡು ಸುತ್ತು, ಹಿಂದೆ ಗಂಟು, ಮೇಲೆ ಕನ್ನಡಕ. ತುಂಬ ಹಗುರವೆನಿಸಿತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಹಾಗೆ. ಅವಳು ಹಿಂದೆ ಕೂತಳು. ಗಾಡಿ ಚಾ ಅಂಗಡಿಯನ್ನು ದಾಟುತ್ತಿದ್ದಂತೆ ಅಂಗಡಿಯವನು ಕೂಗಿದ:

"ಅಕ್ಕೋರೆ! ಸಂಜೆಗೆ ಆಯಿ ಹತ್ರ ಎರಡು ಒಳ್ಳೆ ಬಂಗಡೆ ತೆಗ್ದಿಡೂಕೆ ಹೇಳಿ, ಹಾಂ?"

ಹಿಂದೆ ಅವಳು ನಕ್ಕದ್ದು ನನ್ನ ಬೆನ್ನಿಗೆ ತಿಳಿಯಿತು. ಒಂದು ಕೈ ಕ್ಲಚ್ಚಿನ ಮೇಲಿತ್ತು, ಇನ್ನೊಂದು ಆಕ್ಸಿಲರೇಟರಿನ ಮೇಲೆ. ವೇಲಿನೊಳಗಿನಿಂದಲೇ, ಆಗಲಿ ಎಂದು ತಲೆ ಆಡಿಸಿದೆ.